ಕೊನೆತೂಬಿನ ಶಾಸ್ತ್ರ

ಚಿಕ್ಕರಸಿನಕೆರೆಯ ಪಟ್ಟಲಮ್ಮನ ಹತ್ತಿರ ಏನು ಕೇಳಿದರೂ ಉತ್ತರ ತಕ್ಷಣ ಬರುವುದಿಲ್ಲ. “ತಡಿ, ಒಂದ್ ಸಾಲು ಮುಗೀಲಿ” ಅನ್ನುತ್ತಾಳೆ. ನಾಟಿ ಹಾಕುತ್ತಿದ್ದ ಕಾಲದಲ್ಲಿ ಆ ಮಾತಿಗೊಂದು ಅರ್ಥವಿತ್ತು. ಈಗ ಮಂಡಿನೋವಿಗೆ ಗದ್ದೆಗಿಳಿಯುವುದು ನಿಂತಿದೆ, ಊರಿನ ಅರ್ಧ ಗದ್ದೆಯಲ್ಲಿ ಯಂತ್ರವೇ ನಾಟಿ ಹಾಕುತ್ತದೆ. ಆದರೂ ಹುಣಸೆಹಣ್ಣು ಬಿಡಿಸುತ್ತಿರಲಿ, ಟಿ.ವಿ. ಮುಂದೆ ಕಾಲು ಚಾಚಿಕೊಂಡಿರಲಿ, ಅವಳ ಒಂದು ಸಾಲು ಮುಗಿಯಲೇಬೇಕು. ಕೇಳಿದವರು ಕಾಯಬೇಕು. ಕಾಯುತ್ತಾರೆ ಕೂಡ. ಯಾಕೆಂದರೆ ಅವಳು ಕೊಡುವ ಉತ್ತರ ಕೊನೆತೂಬಿನದು.

ಕೊನೆತೂಬು ಅಂದರೆ ಪಟ್ಟಲಮ್ಮ ಬಾಯಲ್ಲೇ ಕಟ್ಟಿದ ಊರು. ಮದ್ದೂರಿನಿಂದ ಅದಕ್ಕೆ ಬಸ್ಸಿಲ್ಲ. ಆದರೆ ಅಲ್ಲಿ ಯಾರ ಮನೆಯ ಮುಂದೆ ನುಗ್ಗೆಮರ ಇದೆ, ಯಾರ ಎಮ್ಮೆ ಹಾಯುತ್ತದೆ ಅನ್ನುವುದು ಊರಿನ ಹೆಂಗಸರಿಗೆಲ್ಲ ಗೊತ್ತು.

ಅದು ಶುರುವಾದದ್ದು ಹೀಗೆ. ಪಟ್ಟಲಮ್ಮ ಮಳವಳ್ಳಿ ಕಡೆಯ ಒಂದು ಬಯಲೂರಿನ ಹುಡುಗಿ. ಮಳೆ ನಂಬಿದ ಊರು, ರಾಗಿ ಹುರುಳಿ ಬಿಟ್ಟರೆ ಬೇರೆ ಬೆಳೆ ನೋಡಿದವಳಲ್ಲ. ಮದುವೆಯಾಗಿ ಬಂದದ್ದು ನಾಲೆಯ ಸೀಮೆಗೆ. ಗಂಡ ಮಾದಯ್ಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಅನ್ನುವುದನ್ನು ನೋಡುವುದು ಅವನ ಕೆಲಸ. ಹೊಸ ಹೆಂಡತಿ ಒಂದು ದಿನ ನಾಲೆ ಏರಿಯ ಮೇಲೆ ಅವನಿಗೆ ಬುತ್ತಿ ಕೊಡುತ್ತಾ ಕೇಳಿದಳು:

“ಈ ನೀರು ಎಲ್ಲಿಗಂಟ ಓಯ್ತದೆ?”

“ಕೊನೆ ತೂಬಿನ ಗಂಟ.”

“ಅಲ್ಯಾವೂರು?”

“ಯಾವ್ದೋ ಒಂದೂರು. ನಾನೆಲ್ಲಿ ನೋಡಿದ್ದೀನಿ? ನನ್ ಕೆಲ್ಸ ಈ ಅಳ್ಳಿಗೇ ಮುಗೀತು.”

ಮಾದಯ್ಯ ಅಷ್ಟು ಹೇಳಿ ಉಣ್ಣುವುದಕ್ಕೆ ಕೂತ. ಪಟ್ಟಲಮ್ಮನಿಗೆ ಮಾತ್ರ ಆ ಊರು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ ನಾಟಿ ಬಂತು. ಹೆಂಗಸರು ಸಾಲಾಗಿ ಬಗ್ಗಿ ಪೈರು ನೆಡುತ್ತಾ ಹಿಂದಕ್ಕೆ ಬರುತ್ತಾರೆ. ಕೈ ನಿಧಾನವಾದವಳು ಮುಂದೆಯೇ ಉಳಿದು, ಸುತ್ತ ನೆಟ್ಟ ಪೈರಿನ ನಡುವೆ ಒಬ್ಬಳೇ ಸಿಕ್ಕಿಕೊಳ್ಳುತ್ತಾಳೆ. ಬಯಲುಸೀಮೆಯ ಹುಡುಗಿ ಮೊದಲ ದಿನವೇ ಹಾಗೆ ಸಿಕ್ಕಿಕೊಂಡಳು. ನಿಲ್ಲುವುದಕ್ಕೂ ಜಾಗವಿಲ್ಲ, ಹೊರಗೆ ಬರುವುದಕ್ಕೂ ದಾರಿಯಿಲ್ಲ.

“ಏನವ್ವಾ ಮಳವಳ್ಳಿ ಎಣ್ಣೇ, ಪೈರೊಳಗೇ ಸಂಸಾರ ಊಡ್ಬುಟ್ಯಾ?” ಎಂದು ಒಬ್ಬಳು ಕೂಗಿದಳು. ಎಲ್ಲರೂ ಸೊಂಟ ಎತ್ತಿ ನಿಂತು ನಕ್ಕರು.

ಪಟ್ಟಲಮ್ಮನಿಗೆ ಅಳು ಗಂಟಲಿಗೆ ಬಂದಿತ್ತು. ಬಾಯಿಂದ ಬಂದದ್ದು ಬೇರೆ. “ಕೊನೆತೂಬಲ್ಲಿ ಇಂಗೆಲ್ಲ ನಗಾಕಿಲ್ಲ” ಅಂದಳು.

“ಅದ್ಯಾವೂರವ್ವ?”

“ನಾಲೆ ಮುಗಿಯೋ ಕಡೆ ಅದೆ. ಅಲ್ಲಿ ಒಬ್ಳು ಇಂದೆ ಬಿದ್ರೆ ಅಕ್ಕಪಕ್ಕದೋರು ಅವಳ ಸಾಲ್ಗೂ ಒಂದೊಂದು ಕಡ್ಡಿ ನೆಡ್ತರೆ. ಅವಳ್ನ ಕರ್ಕಂಡೇ ಇಂದಕ್ಕೆ ಬತ್ತರೆ. ಅದು ಅಲ್ಲಿನ ಪದ್ಧತಿ.”

ಹೆಂಗಸರು ಇನ್ನಷ್ಟು ನಕ್ಕರು. ಆದರೆ ಮಾರನೆಯ ದಿನ ಪಟ್ಟಲಮ್ಮನ ಎಡಕ್ಕಿದ್ದವಳು ಅವಳ ಸಾಲಿಗೊಂದು ಕಡ್ಡಿ ನೆಟ್ಟಳು. ಬಲಕ್ಕಿದ್ದವಳು ಅದನ್ನು ನೋಡಿ ತಾನೂ ನೆಟ್ಟಳು. ಮಧ್ಯಾಹ್ನ ಬದುವಿನ ಮೇಲೆ ಕೂತು ಉಣ್ಣುವಾಗ ಯಾರೋ ಕೇಳಿದರು: “ಆ ಊರಲ್ಲಿ ಇನ್ನೇನದೆ, ಯೋಳವ್ವ.”

ಅಲ್ಲಿಂದ ನಿಲ್ಲಲಿಲ್ಲ. ಒಬ್ಬೊಬ್ಬರು ಒಂದೊಂದು ಸಂಕಟ ತಂದು ಅವಳ ಮುಂದಿಡುತ್ತಿದ್ದರು. ಅತ್ತೆ ಬೆಣ್ಣೆ ಬಚ್ಚಿಡುತ್ತಾಳೆ, ಓರಗಿತ್ತಿ ಚಾಡಿ ಹೇಳುತ್ತಾಳೆ, ಗಂಡ ತವರಿಗೆ ಕಳಿಸುವುದಿಲ್ಲ. ಕೊನೆತೂಬಲ್ಲಾದರೆ ಏನು ಮಾಡುತ್ತಿದ್ದರು? ಪಟ್ಟಲಮ್ಮ ಒಂದು ಸಾಲು ಮುಗಿಯುವವರೆಗೆ ಸುಮ್ಮನೆ ಕೇಳುತ್ತಿದ್ದಳು. ಹೇಳುವವಳ ದನಿ ಎಲ್ಲಿ ಒಡೆಯುತ್ತದೆ, ಯಾವ ಮಾತನ್ನು ನುಂಗುತ್ತಾಳೆ ಅನ್ನುವುದಕ್ಕೆ ಕಿವಿ ಕೊಟ್ಟು, ಆಮೇಲೆ ಒಂದು ಪದ್ಧತಿ ಹುಟ್ಟಿಸುತ್ತಿದ್ದಳು.

ಹುಟ್ಟಿಸಿದ್ದೆಲ್ಲ ನಿಲ್ಲುತ್ತಿರಲಿಲ್ಲ. “ಅಲ್ಲಿ ಯಾರ ಮನೆಗೂ ಬೀಗ ಇಲ್ಲ” ಅಂದಾಗ ಗದ್ದೆಯೆಲ್ಲ ಎದ್ದು ಕೂತಿತು.

“ಬೀಗ ಇಲ್ದಿದ್ರೆ ಕೋಳಿ ಯಾರ್ ಕಾಯ್ತರೆ, ನಿಮ್ಮಪ್ಪನಾ?”

“ಒಡವೆ ಇದ್ದೋರು ಏನ್ ಮಾಡಾದು?”

ಪಟ್ಟಲಮ್ಮ ಯೋಚಿಸಿದಳು. “ಸರಿ ಬುಡಿ. ಬೀಗ ಅದೆ. ಆದ್ರೆ ಕೀಲಿಕೈ ಪಕ್ಕದ ಮನೇಲಿರ್ತದೆ. ಇವರ್ದು ಅವರತ್ರ, ಅವರ್ದು ಇವರತ್ರ.”

ಹೆಂಗಸರು ಅದನ್ನು ಮಗುಚಿ ಹಾಕಿ ನೋಡಿದರು. ಪಕ್ಕದವಳ ಜೊತೆ ಜಗಳ ಆಡಿದರೆ ಮನೆಯೊಳಗೆ ಹೋಗುವುದಕ್ಕಾಗುವುದಿಲ್ಲ. ಸಂಜೆಯೊಳಗೆ ರಾಜಿ ಆಗಲೇಬೇಕು. ಅದು ಒಪ್ಪಿತವಾಯಿತು.

ಮಣೆಯ ಪದ್ಧತಿಯೂ ಹಾಗೆಯೇ ಬಂದದ್ದು. ಕೊನೆತೂಬಲ್ಲಿ ಎದುರಿಗಿಲ್ಲದವರ ಮೇಲೆ ಮಾತು ಬಂದರೆ ಒಂದು ಖಾಲಿ ಮಣೆ ಹಾಕುತ್ತಾರೆ. ಅವರು ಅದರ ಮೇಲೆ ಕೂತಿದ್ದಾರೆ ಅಂತಲೇ ಲೆಕ್ಕ. ಹೇಳುವುದನ್ನು ಮಣೆ ನೋಡಿಕೊಂಡು ಹೇಳಬೇಕು. ಗದ್ದೆಯಲ್ಲಿ ಮಣೆ ಎಲ್ಲಿಂದ ಬರಬೇಕು? ಬದುವಿನ ಮೇಲೊಂದು ಪೈರಿನ ಕಟ್ಟು ಇಡುತ್ತಿದ್ದರು. ಆ ಕಟ್ಟಿನ ಮುಂದೆ ಎಷ್ಟು ಚಾಡಿ ಬಾಯಲ್ಲೇ ಕರಗಿತೋ.

ಇನ್ನೊಂದು ಇತ್ತು. ಕೊನೆತೂಬಲ್ಲಿ ಸುಳ್ಳು ಹೇಳುವಂತಿಲ್ಲ, ಊಟದ ವಿಚಾರ ಬಿಟ್ಟು. ಉಪ್ಪಿಲ್ಲದ ಸಾರು ಬಡಿಸಿ ಮುಖ ನೋಡುತ್ತಾ ನಿಂತವರಿಗೆ “ಸೆಂದಾಗದೆ” ಅನ್ನುವುದು ಅಲ್ಲಿ ತಪ್ಪಲ್ಲ. “ಆ ಒಂದು ಸುಳ್ಳು ಇಷ್ಟ ಪಟ್ಟೋರಿಗೆ ಮಾತ್ರ ಯೋಳಾದು” ಎಂದು ಪಟ್ಟಲಮ್ಮ ನಾಚಿಕೊಂಡು ಸೇರಿಸಿದ್ದಳು. ಹೊಸದಾಗಿ ಮದುವೆಯಾಗಿದ್ದ ಕಾಲ. ಅವಳು ಮಾಡಿದ ಮೊದಲ ಸಾರನ್ನು ಮಾದಯ್ಯ ಎರಡು ಸಲ ಹಾಕಿಸಿಕೊಂಡಿದ್ದ.

ಮುದ್ದೆಯ ಶಾಸ್ತ್ರಕ್ಕೆ ಕಾರಣ ಸಣ್ಣತಾಯಮ್ಮ. ಆಗವಳು ಮದುವೆಯಾಗದ ಹುಡುಗಿ. ನೋಡಲು ಬಂದವರು ಅವಳನ್ನು ಅಂಗಳದಲ್ಲಿ ಅತ್ತಿಂದಿತ್ತ ನಡೆಸಿ, ಸೂಜಿಗೆ ದಾರ ಪೋಣಿಸಲು ಹೇಳಿ, ಜಡೆ ಚೌರಿಯೋ ನಿಜವೋ ಅಂತ ಎಳೆದು ನೋಡಿ ಹೋಗಿದ್ದರು. ಮಾರನೆಯ ದಿನ ಗದ್ದೆಯಲ್ಲಿ ಅವಳ ಕಣ್ಣೀರು ಮೂಗಿನ ತುದಿಯಿಂದ ಕೆಸರಿಗೆ ತೊಟ್ಟಿಕ್ಕುತ್ತಿತ್ತು. ಪಟ್ಟಲಮ್ಮ ಆವತ್ತು ಒಂದು ಸಾಲಲ್ಲ, ಒಂದು ಗದ್ದೆಯೇ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಹೇಳಿದಳು:

“ಕೊನೆತೂಬಲ್ಲಿ ಎಣ್ಣು ನೋಡಾದು ಅಂತ ಇಲ್ಲ ಕಣೆ. ಗಂಡು ನೋಡಾದು ಇರಾದು. ಉಡುಗ ಎಣ್ಣಿನ ಮನೆಗೆ ಬಂದು ಎಲ್ಲಾರ ಮುಂದೆ ರಾಗಿಇಟ್ಟು ತಿರುವಿ ಮುದ್ದೆ ಕಟ್ಬೇಕು. ಎಣ್ಣು ಉಣ್ತಾಳೆ. ಗಂಟು ಸಿಕ್ರೆ ಎದ್ದು ಒಳಕ್ಕೋಗಬೋದು. ಯಾರೂ ಯಾಕೆ ಅನ್ನಾಂಗಿಲ್ಲ.”

ಅಳುತ್ತಿದ್ದ ಸಣ್ಣತಾಯಮ್ಮ ಕೆಸರುಗೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ಆ ವರ್ಷವೇ ಅವಳಿಗೆ ಅದೇ ಊರಿನಲ್ಲಿ ಮದುವೆಯಾಯಿತು. ಈಗ ಪಟ್ಟಲಮ್ಮನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಇವಳ ಕೀಲಿಕೈ ಅವಳ ಹತ್ತಿರ, ಅವಳದು ಇವಳ ಹತ್ತಿರ. ಬೇರೆಯವರಿಗೆ ಅದು ಕಥೆ. ಇವರಿಬ್ಬರಿಗೆ ದಿನದ ಬದುಕು.

*

ತಾಪತ್ರಯ ಶುರುವಾದದ್ದು ಮೊಮ್ಮಗಳಿಂದ. ಪಟ್ಟಲಮ್ಮನ ಮಗ ಶಶಿಧರನ ಮಗಳು ರಂಜಿತ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೊನೆತೂಬು ಕೇಳುತ್ತಲೇ ಬೆಳೆದವಳು. ಈಗ ಊರಿನ ಮಹಿಳಾ ಡೇರಿಯಲ್ಲಿ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿದ ದೊಡ್ಡ ದೊಡ್ಡವರನ್ನೇ ಕ್ಯಾನಿನ ಮುಂದೆ ನಿಲ್ಲಿಸಿ ಮಾತಾಡಿಸುವ ಹುಡುಗಿ. ಅವಳನ್ನು ನೋಡಲು ಹೊಳಲಿನಿಂದ ಒಬ್ಬರು ಬಂದರು, ಆಮೇಲೆ ಮಂಡ್ಯದಿಂದ ಒಬ್ಬರು. ಇಬ್ಬರಿಗೂ ಅವಳು ಒಂದೇ ಮಾತು ಹೇಳಿದಳು: “ಹುಡುಗ ಮುದ್ದೆ ಮಾಡ್ಲಿ, ಆಮೇಲೆ ಒಪ್ಪಿಗೆ ಮಾತು.” ಹೊಳಲಿನವರು ನಕ್ಕು ಎದ್ದರು. ಮಂಡ್ಯದವರು ನಗದೆ ಎದ್ದರು. ಅವರ ಕಾರು ತಿರುಗಿಸುವ ರಭಸಕ್ಕೆ ಸಣ್ಣತಾಯಮ್ಮನ ಕನಕಾಂಬರದ ಗಿಡ ಹೋಯಿತು.

ಶಶಿಧರ ಆವತ್ತು ತಾಯಿಯ ಮುಂದೆ ಬಂದು ಕೂತ. “ಅವ್ವಾ, ಈ ಹೆಣ್ಣು ಕೆಟ್ಟಿದ್ದು ನಿನ್ನಿಂದ.”

“ಕೆಟ್ಟದಾ? ಎಲ್ಲಿ ಕೆಟ್ಟದೆ?”

“ಇಲ್ಲದ ಊರಿನ ಶಾಸ್ತ್ರ ಇಟ್ಕಂಡು ಇರೋ ಗಂಡುಗಳ್ನ ಓಡಿಸ್ತಾವಳೆ. ನೋಡು, ಬರೋ ಭಾನುವಾರ ಮಳವಳ್ಳಿ ಕಡೆಯೋರು ಬತ್ತಾವ್ರೆ. ಹುಡುಗ ಸಂತೋಷ್, ಲೈನ್‌ಮನ್. ಒಳ್ಳೆ ಮನೆ. ಇವಳು ಮತ್ತೆ ಮುದ್ದೆ ಅಂತ ಬಾಯಿ ತೆಗೆದ್ರೆ ನೀನೇ ಎಲ್ಲಾರ ಮುಂದೆ ಹೇಳ್ಬೇಕು, ಆ ಊರಿಲ್ಲ, ನಾನು ಸುಮ್ನೆ ಕಟ್ಟಿದ್ದು ಅಂತ.”

ಪಟ್ಟಲಮ್ಮ ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದಳು. “ಒಂದ್ ಸಾಲು ಮುಗೀಲಿ” ಅಂದಳು.

“ಸಾಲೂ ಇಲ್ಲ ಗೀಲೂ ಇಲ್ಲ! ಮಾತು ಕೊಡು.”

ಮಗನ ಸಿಟ್ಟಿನ ಕೆಳಗೆ ಹೆದರಿಕೆಯಿತ್ತು. ಪಟ್ಟಲಮ್ಮನ ಕಿವಿಗೆ ಅದು ಕೇಳಿಸಿತು. “ಆಗ್ಲಿ ಬುಡು” ಅಂದುಬಿಟ್ಟಳು.

ಆ ಸಂಜೆ ರಂಜಿತ ಡೇರಿಯಿಂದ ಬಂದು ಅಜ್ಜಿಯ ಪಕ್ಕ ಕೂತಳು. “ಅಜ್ಜಿ, ಸಂತೋಷ್ ಅನ್ನೋರು ಒಂದ್ಸಲ ನಮ್ಮ ಡೇರಿಗೆ ಕರೆಂಟು ಸರಿ ಮಾಡೋಕೆ ಬಂದಿದ್ರು.”

“ಊಂ.”

“ಕಂಬ ಹತ್ತೋ ಮುಂಚೆ ನನ್ನ ಹತ್ರ, ಮೇಡಂ ಹಾಲು ಕೆಡ್ತದಾ, ಬೇಗ ಮಾಡ್ಬೇಕಾ ಅಂತ ಕೇಳಿದ್ರು. ಹಾಗೆ ಯಾರೂ ಕೇಳಲ್ಲ.”

“ಊಂ.”

“ಈಗ ಕರೆಂಟೇ ಹೋಗ್ತಿಲ್ಲ” ಎಂದು ಹುಡುಗಿ ಬೇಜಾರಿನಲ್ಲಿ ಹೇಳಿದಳು.

ಪಟ್ಟಲಮ್ಮನಿಗೆ ಎಲ್ಲಾ ಗೊತ್ತಾಗಿಹೋಯಿತು. “ಅಂಗಾದ್ರೆ ಮುದ್ದೆ ಯಾಕವ್ವ? ಸುಮ್ನೆ ಒಪ್ಕೊ.”

ರಂಜಿತ ತಲೆಯಾಡಿಸಿದಳು. “ಬೇರೆಯೋರು ಮಾಡದಿದ್ರೆ ನಂಗೇನೂ ಇಲ್ಲ. ಅವ್ರು ಮಾಡ್ತಾರಾ ಅಂತ ನೋಡ್ಬೇಕು. ಅವ್ರೂ ನಗಾಡಿಬಿಟ್ರೆ?” ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ನೀನೇ ಹೇಳಿದ್ದಲ್ವಾ ಅಜ್ಜಿ, ಕೊನೆತೂಬಲ್ಲಿ ಯಾವ ಹುಡುಗೀನೂ ತಲೆ ಬಗ್ಗಿಸ್ಕೊಂಡು ಕಾಫಿ ತಟ್ಟೆ ಹಿಡಿಯಲ್ಲ ಅಂತ.”

ಪಟ್ಟಲಮ್ಮನಿಗೆ ಆವತ್ತಿನಿಂದ ಅನ್ನ ರುಚಿಸಲಿಲ್ಲ. ಊರಿಲ್ಲ ಅಂದರೆ ಮೊಮ್ಮಗಳ ಕಾಲಡಿಯ ನೆಲವೇ ಜಾರುತ್ತದೆ. ಇದೆ ಅಂದರೆ ಅವಳಿಗೆ ಮೆಚ್ಚಿಕೆಯಾದ ಹುಡುಗನೇ ಎದ್ದು ಹೋಗಬಹುದು. ಜಗುಲಿಯ ಮೇಲೆ ಕೂತಿದ್ದ ಮಾದಯ್ಯನನ್ನು ಕೇಳಿದಳು: “ಏನ್ ಮಾಡ್ಲಿ?”

ಮಾದಯ್ಯ ಎಲೆಗೆ ಸುಣ್ಣ ಸವರುತ್ತಾ, “ನಿಮ್ಮೂರಲ್ಲಿ ಇಂತಾ ಒತ್ತಲ್ಲಿ ಏನ್ ಮಾಡ್ತರೆ?” ಅಂದ.

“ನಂಗೊತ್ತಿಲ್ಲ.”

“ಸರಿ ಓಯ್ತು” ಅಂದು ಅವನು ಎಲೆ ಬಾಯಿಗೆ ಹಾಕಿಕೊಂಡ.

*

ಭಾನುವಾರ ಬಂದವರು ಮೂವರು. ಹುಡುಗ ಸಂತೋಷ್, ಅವನ ಅಪ್ಪ ಮರಿಸಿದ್ದಯ್ಯ, ಅಪ್ಪನ ತಾಯಿ ಚಿಕ್ಕಬೋರಮ್ಮ. ಅಜ್ಜಿ ಸಣ್ಣ ಆಳು, ದೊಡ್ಡ ಬಾಯಿ. ಒಳಗೆ ಬರುತ್ತಲೇ ಮನೆಯ ತೊಲೆ ಎಣಿಸುವವಳ ಹಾಗೆ ಮೇಲೆ ನೋಡಿ, “ಗಾಳಿ ಬೆಳಕು ಸೆಂದಾಗದೆ” ಎಂದು ಕೂತಳು.

“ಹುಡುಗನ ತಾಯಿ ಬರ್ಲಿಲ್ವೇ?” ಎಂದು ಶಶಿಧರ ಕೇಳಿದ.

ಮರಿಸಿದ್ದಯ್ಯ ತೊಡೆ ಬಡಿದ. “ಅವಳ ಕತೆ ಏನ್ ಕೇಳ್ತೀರಿ! ಸೀಮೆಹಸ ಕರ ಹಾಕ್ತದೆ ಅಂತ ಕೊಟ್ಗೇಲಿ ಕುಂತವಳೆ. ಮಗನ ಮದುವೆಗಿಂತ ಅವಳಿಗೆ ಹಸ...”

“ತಡೀಲಾ!” ಎಂದು ಚಿಕ್ಕಬೋರಮ್ಮ ಮಗನನ್ನು ತಡೆದಳು. ಬಾಗಿಲ ಕಡೆ ತಿರುಗಿ, “ಯಾರವ್ವ ಅಲ್ಲಿ, ಒಂದು ಮಣೆ ಇದ್ರೆ ಆಕ್ರವ್ವ ಇಲ್ಲಿ” ಅಂದಳು.

ರಂಜಿತಳ ತಾಯಿ ಯಾರಿಗೋ ಕೂರಲು ಅಂದುಕೊಂಡು ಮಣೆ ತಂದು ಹಾಕಿದಳು. ಅದರ ಮೇಲೆ ಯಾರೂ ಕೂರಲಿಲ್ಲ. ಚಿಕ್ಕಬೋರಮ್ಮ ಮಗನಿಗೆ ಮಣೆ ತೋರಿಸಿ, “ಊಂ, ಈಗ ಯೋಳು. ಅವಳ್ನ ನೋಡ್ಕಂಡು ಯೋಳು” ಅಂದಳು.

ಮರಿಸಿದ್ದಯ್ಯ ಮಣೆ ನೋಡಿದ. ಬಾಯಿ ಮುಚ್ಚಿಕೊಂಡ. ಆಮೇಲೆ ಮೆಲ್ಲಗೆ, “ಪಾಪ, ಹಸಕ್ಕೆ ಚೊಚ್ಚಲು” ಅಂದ.

ಬಾಗಿಲ ಮರೆಯಲ್ಲಿದ್ದ ಪಟ್ಟಲಮ್ಮ ಕತ್ತು ಚಾಚಿ ನೋಡಿದಳು. ಈ ಮಣೆಯ ಪದ್ಧತಿ ಇವರಿಗೆ ಎಲ್ಲಿಂದ ಬಂತು?

ಅಷ್ಟರಲ್ಲಿ ರಂಜಿತ ಬಂದಳು. ಕಾಫಿ ತಟ್ಟೆ ಅವಳ ಕೈಯಲ್ಲಿರಲಿಲ್ಲ. ಬಂದು ಎಲ್ಲರ ಎದುರು ಕೂತಳು. ಸಂತೋಷ್ ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡು, ಡೇರಿಯ ಮೇಡಂ ಅನ್ನುವುದು ಗುರುತಾಗಿ, ಕಿವಿಯವರೆಗೆ ನಕ್ಕ. ಅಪ್ಪ ನೋಡಿದೊಡನೆ ನಗು ನುಂಗಿದ.

“ನಮ್ಗೆ ಉಡುಗಿ ಒಪ್ಗೆ” ಎಂದು ಮರಿಸಿದ್ದಯ್ಯ ಒಂದೇ ಏಟಿಗೆ ಹೇಳಿದ. “ನೀನೇನಂತೀಯವ್ವ?”

“ನಂದೊಂದು ಮಾತಿದೆ” ಅಂದಳು ರಂಜಿತ. “ಅವ್ರು ಮುದ್ದೆ ಮಾಡ್ಬೇಕು. ಈಗ, ಇಲ್ಲೇ. ನಾನು ಉಂಡ ಮೇಲೆ ಹೇಳ್ತೀನಿ.”

ಮರಿಸಿದ್ದಯ್ಯನ ಹುಬ್ಬು ಮೇಲಕ್ಕೆ ಹೋಯಿತು. “ಇದ್ಯಾವೂರ ಸಾಸ್ತ್ರ ಸ್ವಾಮಿ?”

ಶಶಿಧರನ ಮುಖ ಕೆಂಪಾಯಿತು. “ಅವ್ವಾ” ಎಂದು ಕರೆದ. “ಬಾ ಇಲ್ಲಿ. ಹೇಳು. ಯಾವೂರ ಶಾಸ್ತ್ರ ಅಂತ ನೀನೇ ಹೇಳು.”

ಪಟ್ಟಲಮ್ಮ ಮರೆಯಿಂದ ಈಚೆಗೆ ಬಂದಳು. ಎಲ್ಲರ ಕಣ್ಣೂ ಅವಳ ಮೇಲೆ. ರಂಜಿತ ಮಾತ್ರ ನೆಲ ನೋಡುತ್ತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು. ಮಗನಿಗೆ ಕೊಟ್ಟ ಮಾತು ನಾಲಗೆಯ ಮೇಲಿತ್ತು. ಆ ಊರಿಲ್ಲ. ಅಷ್ಟು ಅಂದರೆ ಮುಗಿಯಿತು.

“ಒಂದ್ ಸಾಲು ಮುಗೀಲಿ ತಡೀರಪ್ಪ” ಅಂದಳು.

ಅವಳ ಕಣ್ಣು ಖಾಲಿ ಮಣೆಯ ಮೇಲೆ ಬಿತ್ತು. ಅಲ್ಲೇ ನಿಂತಿತು. ಚಿಕ್ಕಬೋರಮ್ಮನ ಕಡೆ ತಿರುಗಿ ಕೇಳಿದಳು: “ಅಕ್ಕಾ, ಈ ಮಣೆ ಆಕ್ಸಿದ್ರಲ್ಲ, ಇದ್ಯಾವೂರ ಸಾಸ್ತ್ರ?”

“ಇದಾ? ಕೊನೆತೂಬಿಂದು ಕಣಮ್ಮ. ಯಾಕೆ, ನಿಮ್ಮ ಕಡೆ ಗೊತ್ತಿಲ್ವಾ?”

ಶಶಿಧರ ತಾಯಿಯ ಮುಖವನ್ನೂ ಮಣೆಯನ್ನೂ ನೋಡಿದ.

“ನಮ್ಮ ಕಡೆ ಎಂಗಸ್ರಿಗೆಲ್ಲ ಗೊತ್ತು” ಎಂದು ಚಿಕ್ಕಬೋರಮ್ಮ ಮುಂದುವರಿಸಿದಳು. “ನಾಟಿಗೆ ಅಂತವ ಲಗೇಜ್ ಆಟೋದಲ್ಲಿ ಎಣ್ಣಾಳು ಓಯ್ತಾರೆ ಬತ್ತಾರೆ, ಅವ್ರು ತಂದ್ರು. ಕೀಲಿಕೈ ಪಕ್ಕದ ಮನೇಲಿ ಇಡಾದು, ಮಣೆ ಆಕಾದು, ಎಲ್ಲಾ ಅದೇ ಊರ್ದು. ಈ ಮುದ್ದೆ ಸಾಸ್ತ್ರಾನೂ ಅಲ್ಲೀದೆ. ನೀನು ಸರಿಯಾಗೇ ಕೇಳ್ದೆ ಮಗಾ.” ರಂಜಿತಳಿಗೆ ಹಾಗೆಂದು ಮೊಮ್ಮಗನ ಬೆನ್ನಿಗೆ ಗುದ್ದಿದಳು. “ಏಳ್ಲಾ, ಅಂಗಿ ತೋಳು ಮಡುಚು.”

ಸಂತೋಷ್ ಆಗಲೇ ಎದ್ದು ನಿಂತಿದ್ದ. “ಒಲೆ ಎಲ್ಲಿ?” ಅಂದ.

ರಂಜಿತ ತಲೆ ಎತ್ತಿದಳು.

“ಆದ್ರೆ ನಿಮ್ಮ ಕಡೆ ಅರ್ಧ ಮಾತ್ರ ಗೊತ್ತಿರಾದು” ಎಂದು ಚಿಕ್ಕಬೋರಮ್ಮ ಬೆರಳೆತ್ತಿದಳು. “ಗಂಡು ಇಟ್ಟು ತಿರುವೋವಾಗ ಅವರಪ್ಪ ಒಲೆ ಮುಂದೆ ಕುಂತು ಉರಿ ಆಕ್ಬೇಕು. ಉಂಡಾದ ಮೇಲೆ ಎಣ್ಣಿನಪ್ಪ ಪಾತ್ರೆ ತೊಳೀಬೇಕು. ಅದಿಲ್ದೆ ಸಾಸ್ತ್ರ ಆಗಾಕಿಲ್ಲ.”

“ಅವ್ವಾ!” ಎಂದು ಮರಿಸಿದ್ದಯ್ಯ ಕೂಗಿದ.

“ಅವ್ವಾ!” ಎಂದು ಶಶಿಧರನೂ ತನ್ನ ತಾಯಿಯ ಕಡೆ ತಿರುಗಿದ.

ಪಟ್ಟಲಮ್ಮ ಇದನ್ನು ಹೇಳಿರಲಿಲ್ಲ. ಕೊನೆತೂಬಲ್ಲಿ ಅಪ್ಪಂದಿರು ಪಾತ್ರೆ ತೊಳೆಯುತ್ತಾರೆ ಅನ್ನುವುದು ಅವಳಿಗೇ ಹೊಸ ಸುದ್ದಿ. ತಾನು ಸಾಕಿದ ಕರು ಯಾವುದೋ ಊರಲ್ಲಿ ಬೆಳೆದು, ಈದು, ಕರುವಿನ ಸಮೇತ ಮನೆ ಬಾಗಿಲಿಗೆ ಬಂದು ನಿಂತ ಹಾಗಾಯಿತು. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು, “ಊಂ ಕಣಪ್ಪ, ಅದೂ ಅದೆ. ನಂಗೇ ಮರ್ತೋಗಿತ್ತು” ಅಂದಳು.

*

ಹಿತ್ತಲಿನ ಸೌದೆ ಒಲೆಯ ಮುಂದೆ ಆವತ್ತು ಆದದ್ದನ್ನು ಸಣ್ಣತಾಯಮ್ಮ ಗೋಡೆಯ ಮೇಲಿಂದ ಪೂರ್ತಿ ನೋಡಿದಳು. ಮರಿಸಿದ್ದಯ್ಯ ಪಂಚೆ ಎತ್ತಿ ಕಟ್ಟಿ, ಊದುಕೊಳವೆ ಹಿಡಿದು, ಹೊಗೆಗೆ ಕಣ್ಣು ಮುಚ್ಚಿಕೊಂಡು ಊದುತ್ತಿದ್ದ. ಸಂತೋಷ್ ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು ಕೋಲು ಹಿಡಿದ. ಕಂಬ ಹತ್ತುವವನ ತೋಳು, ಬಲಕ್ಕೇನೂ ಕಡಿಮೆಯಿಲ್ಲ. ತಿರುವಿದ ರಭಸಕ್ಕೆ ಪಾತ್ರೆಯೇ ಒಲೆಯ ಮೇಲೆ ತಿರುಗತೊಡಗಿತು.

“ಮೆಲ್ಲುಗ್ಲಾ, ಅದೇನು ಟ್ರಾನ್ಸ್‌ಫಾರ್ಮರಾ?” ಅಂದಳು ಚಿಕ್ಕಬೋರಮ್ಮ.

“ಉರಿ ಜಾಸ್ತಿ ಆಯ್ತಪ್ಪ, ಸೌದೆ ಎಳೀ!”

“ನೀನು ನನ್ಗೆ ಯೋಳ್ಕೊಡ್ತೀಯೇನ್ಲಾ? ಉಟ್ಟಿದಾಗಿಂದ ಒಂದ್ ಲೋಟ ನೀರು ಕಾಯ್ಸಿದ್ದೀಯಾ ನೀನು?”

“ನೀನು ಕಾಯ್ಸಿದ್ಯಾ?”

ಮರಿಸಿದ್ದಯ್ಯ ಊದುಕೊಳವೆ ಕೆಳಗಿಟ್ಟು, ಎಲ್ಲರ ಮುಂದೆ ನಿಜವನ್ನೇ ಹೇಳಿದ: “ಇಲ್ಲ.”

ಹೆಂಗಸರು ನಕ್ಕು ನಕ್ಕು ಸುಸ್ತಾದರು. ಸಂತೋಷ್ ಕೈ ಸುಟ್ಟುಕೊಂಡು, ಊದಿಕೊಂಡು, ಕಡೆಗೂ ಮುದ್ದೆ ಕಟ್ಟಿ ತಟ್ಟೆಗಿಟ್ಟ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಹುಳ್ಳಿಕಾಳಿನ ಬಸ್ಸಾರು ಪಕ್ಕಕ್ಕೆ ಬಂತು.

ರಂಜಿತ ಕೂತಳು. ಎಲ್ಲರೂ ಸುತ್ತ ನಿಂತರು. ಅವಳು ಮುರಿದು, ಸಾರಿಗೆ ಅದ್ದಿ, ನುಂಗಿದಳು. ಇನ್ನೊಂದು ತುತ್ತು. ಮೂರನೆಯದಕ್ಕೆ ಅವಳ ಗಂಟಲು ಒಂದು ಕ್ಷಣ ನಿಂತಿತು. ಪಟ್ಟಲಮ್ಮ ಅದನ್ನು ನೋಡಿದಳು. ಸಂತೋಷನೂ ನೋಡಿದ. ಸುಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ರಂಜಿತ ನುಂಗಿದಳು. ನೀರು ಮುಟ್ಟಲಿಲ್ಲ.

“ಗಂಟು ಸಿಕ್ತಾ ಮಗಾ?” ಎಂದು ಚಿಕ್ಕಬೋರಮ್ಮ ಕೇಳಿದಳು.

“ಇಲ್ಲ. ಚೆನ್ನಾಗಿದೆ” ಅಂದಳು ರಂಜಿತ, ಸಂತೋಷನನ್ನೇ ನೋಡುತ್ತಾ.

ಇಬ್ಬರು ಅಜ್ಜಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಶಿಧರನಿಗೆ ನಂಬಿಕೆಯಿಲ್ಲ. “ನೋಡಾನ ಕೊಡು” ಎಂದು ಉಳಿದ ಮುದ್ದೆಯಿಂದ ದೊಡ್ಡ ತುತ್ತು ಮುರಿದು ಬಾಯಿಗಿಟ್ಟ. ಕಣ್ಣು ಅಗಲವಾಯಿತು. ಕೆಮ್ಮಿದ. ಬಾಯಿಂದ ಒಣಹಿಟ್ಟು ಹೊಗೆಯ ಹಾಗೆ ಬಂತು. ನೆಲ್ಲಿಕಾಯಿ ಗಾತ್ರದ ಗಂಟು ಅಂಗೈಗೆ ಬಿತ್ತು.

“ಇಲ್ಲ ಅಂದ್ಯಲ್ಲೇ!”

“ಊಟದ ವಿಷ್ಯ ಅಪ್ಪ” ಅಂದಳು ರಂಜಿತ. “ಹೇಳಬಹುದು.”

ಪಟ್ಟಲಮ್ಮನಿಗೆ ಕಣ್ಣು ತುಂಬಿ ಬಂತು. ಎಂದೋ ಗದ್ದೆಯಲ್ಲಿ ನಾಚಿಕೊಂಡು ಸೇರಿಸಿದ್ದ ಒಂದು ಮಾತು. ಜಗುಲಿಯ ಕಡೆ ನೋಡಿದಳು. ಮಾದಯ್ಯ ತನಗೇನೂ ಕೇಳಿಸದವನ ಹಾಗೆ ಎಲೆ ಅಗಿಯುತ್ತಿದ್ದ, ಮೀಸೆಯ ಕೆಳಗೆ ನಗು ಮಾತ್ರ ಅವಿತಿರಲಿಲ್ಲ. ಸಂತೋಷ್ ಒಣಹಿಟ್ಟಿನ ಗಂಟನ್ನೂ ನೋಡಿದ, ಹುಡುಗಿಯನ್ನೂ ನೋಡಿದ, ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನಿಗೆ ಕೈ ಸುಟ್ಟದ್ದು ಮರೆತೇಹೋಯಿತು.

ಎಲೆ ಅಡಿಕೆ ಬದಲಾಯಿಸಿದರು. ಮರಿಸಿದ್ದಯ್ಯ ಹೆಂಡತಿಗೆ ಫೋನು ಹಚ್ಚಿ, “ಒಪ್ಗೆ ಆಯ್ತು ಕಣೇ” ಎಂದು ಕೂಗಿದರೆ ಆ ಕಡೆಯಿಂದ, “ಸೀಮೆಹಸ ಎಣ್ಣುಗರ ಆಕ್ತು!” ಎಂದು ಅವಳೂ ಕೂಗಿದಳು. ಎರಡಕ್ಕೂ ಸೇರಿಸಿ ಬೆಲ್ಲ ಹಂಚಿದರು.

ಶಶಿಧರ ಮೆಲ್ಲಗೆ ಬೀದಿಬಾಗಿಲ ಕಡೆ ಸರಿಯುತ್ತಿದ್ದ. ಚಿಕ್ಕಬೋರಮ್ಮ ಬಿಡಲಿಲ್ಲ. “ಬೀಗ್ರೇ, ಪಾತ್ರೆ” ಅಂದಳು.

ಹಿತ್ತಲ ನಲ್ಲಿಯ ಕೆಳಗೆ ಅವನು ಕುಕ್ಕರುಗಾಲಲ್ಲಿ ಕೂತು, ತಳ ಹಿಡಿದ ಮುದ್ದೆ ಪಾತ್ರೆಯನ್ನು ತೆಂಗಿನ ನಾರಿನಲ್ಲಿ ತಿಕ್ಕತೊಡಗಿದ. ಗೋಡೆಯ ಮೇಲಿಂದ ಸಣ್ಣತಾಯಮ್ಮನ ತಲೆ ಮತ್ತೆ ಎದ್ದಿತು.

“ಏನ್ಲಾ ಶಶಿ, ಏನಾಯ್ತ್ಲಾ? ನೀನ್ಯಾಕ್ಲಾ ಪಾತ್ರೆ ತಿಕ್ತಾ ಇದ್ದೀಯಾ?”

“ಶಾಸ್ತ್ರ ಕಣ್ ಚಿಕ್ಕವ್ವ!” ಅಂದ ಅವನು ರೇಗಿ.

“ಯಾವೂರ ಸಾಸ್ತ್ರ?”

“ಕೊನೆತೂಬಿಂದು! ಇನ್ಯಾವೂರ್ದು?”

ಹೇಳಿದ ಮೇಲೆ ಅವನ ಕೈ ನಿಂತಿತು. ಅಡುಗೆಮನೆಯ ಕಿಟಕಿಯಲ್ಲಿ ತಾಯಿಯ ಮುಖ ಕಂಡಿತು. ಅವನಿಗೂ ನಗು ಬಂದುಬಿಟ್ಟಿತು. “ಹೋಗವ್ವಾ, ಹೋಗು” ಎಂದು ಅವಳ ಕಡೆ ನೀರು ಚಿಮುಕಿಸಿ ಮತ್ತೆ ತಿಕ್ಕತೊಡಗಿದ.

*

ಹೊರಡುವ ಮುಂಚೆ ಇಬ್ಬರು ಮುದುಕಿಯರು ಜಗುಲಿಯ ಮೇಲೆ ಕೂತರು. ಚಿಕ್ಕಬೋರಮ್ಮ ದನಿ ತಗ್ಗಿಸಿದಳು.

“ನಿನ್ನತ್ರ ಒಂದು ಕೇಳ್ತೀನಿ, ಯಾರ್ಗೂ ಯೋಳ್ಬೇಡ. ಆ ಅಪ್ಪಂದಿರು ಪಾತ್ರೆ ತೊಳಿಯಾದು, ಉರಿ ಆಕಾದು, ನಾನು ಕೇಳ್ದಾಗ ಇರ್ಲಿಲ್ಲ. ನನ್ ಮೊಮ್ಮಗಳಿಗೆ ಯೋಳ್ತಾ ಯೋಳ್ತಾ, ಎಲ್ಲಾ ಸರಿ, ಈ ಗಂಡಸ್ರು ಸುಮ್ನೆ ಕಾಲು ನೀಡ್ಕಂಡು ಕುಂತವ್ರಲ್ಲ ಅನ್ನುಸ್ತು. ಸೇರ್ಸ್‌ಬುಟ್ಟೆ. ತಪ್ಪಾಯ್ತಾ? ಆ ಊರೋರು ಕೇಳುದ್ರೆ ಏನಂದಾರು?”

ಪಟ್ಟಲಮ್ಮ ಅವಳನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಹಲ್ಲಿಲ್ಲದ ಬಾಯಿ ಅಗಲವಾಯಿತು. ಚಿಕ್ಕಬೋರಮ್ಮನಿಗೆ ಹೊಳೆಯಿತು.

“ಅಯ್ ನಿನ್ನ! ನೀನೇನಾ ಅವಳು?”

“ಸುಮ್ಕಿರಕ್ಕ, ಮೆಲ್ಲುಗೆ.”

“ಊರೇ ಇಲ್ವಾ?”

ಪಟ್ಟಲಮ್ಮ ಉತ್ತರ ಕೊಡುವ ಮೊದಲು ಕಂಬಕ್ಕೊರಗಿದ್ದ ಮಾದಯ್ಯ ಬಾಯಿ ಬಿಟ್ಟ. ಬೆಳಗಿಂದ ಅವನಾಡಿದ ಮೊದಲ ಮಾತು ಅದು. “ಅದೆ ಕಣಕ್ಕ. ನಾನ್ ತೂಬು ಎತ್ತಿದ್ದಕ್ಕೆ ತಾನೆ ಅಲ್ಲೀಗಂಟ ನೀರು ಓಗಿದ್ದು.”

ಚಿಕ್ಕಬೋರಮ್ಮ ನಕ್ಕ ನಗೆಗೆ ಜಗುಲಿಯ ಮೇಲಿದ್ದ ಕೋಳಿ ಹಾರಿಹೋಯಿತು.

ಆಟೋ ಬಂತು. ಸಂತೋಷ್ ಹತ್ತುವಾಗ ರಂಜಿತ ಕಿಟಕಿಯಿಂದ, “ಬೆರಳಿಗೆ ಬೆಣ್ಣೆ ಹಚ್ಕೊಳ್ಳಿ” ಅಂದಳು. “ಹಚ್ಕೊಳ್ತೀನಿ ಮೇಡಂ” ಅಂದ ಅವನು. ಆಟೋ ಹೊರಟು ಬೀದಿಯ ತಿರುವಿಗೆ ಬಂದಾಗ ಚಿಕ್ಕಬೋರಮ್ಮ ತಲೆ ಹೊರಗೆ ಹಾಕಿ ಊರಿಗೇ ಕೇಳುವ ಹಾಗೆ ಕೂಗಿದಳು:

“ಪಟ್ಟಲಮ್ಮೋ! ಆ ಊರಲ್ಲಿ ಬೀಗಿತ್ತೀರು ಜಗಳ ಆಡುದ್ರೆ ಏನ್ ಮಾಡ್ತರೆ?”

ಪಟ್ಟಲಮ್ಮ ಸೊಂಟದ ಮೇಲೆ ಕೈಯಿಟ್ಟು, ಕೆಸರುಗದ್ದೆಯಲ್ಲಿ ನಿಂತವಳ ಹಾಗೆ ಕಾಲು ಅಗಲಿಸಿ ನಿಂತು, ತಾನೂ ಕೂಗಿದಳು:

“ತಡಿ, ಒಂದ್ ಸಾಲು ಮುಗೀಲಿ! ಮದ್ವೆಗೆ ಬಾ, ಇಬ್ರೂ ಸೇರಿ ನೋಡಾನ!”